ಡಾಂಬರಿಗೂ ಮಣ್ಣಿಗೂ ಒಂದೇ ಜೊತೆ ಟೈರು: ಆಯ್ಕೆ ಹೇಗೆ, ಸವಾರಿ ಹೇಗೆ?

ಪ್ರಶ್ನೆ: ನನ್ನ ಬೈಕಿನ ತೂಕ ಸುಮಾರು 200 ಕಿಲೋ. ಮುಂದೆ 21 ಇಂಚಿನ, ಹಿಂದೆ 17 ಇಂಚಿನ ಸ್ಪೋಕ್ ಚಕ್ರಗಳಿದ್ದು, ಎರಡರಲ್ಲೂ ಟ್ಯೂಬ್ ಇದೆ. ವಾರವಿಡೀ ಓಡಾಟವೆಲ್ಲ ಡಾಂಬರು ರಸ್ತೆಯಲ್ಲೇ. ರಜೆ ಸಿಕ್ಕಾಗ ಜಲ್ಲಿ ಹಾದಿ, ಮಣ್ಣಿನ ರಸ್ತೆ, ಒಮ್ಮೊಮ್ಮೆ ಕೆಸರು. ಬೈಕಿನ ಜೊತೆ ಬಂದ ಟೈರುಗಳು ಸವೆದಿವೆ. ಗೆಳೆಯರು ‘50/50’ ಟೈರು, ಅಂದರೆ ಅರ್ಧ ರಸ್ತೆಗೆ, ಅರ್ಧ ಮಣ್ಣಿಗೆ ಎನ್ನುವ ಟೈರು ಹಾಕಿಸು ಎನ್ನುತ್ತಾರೆ. ಟೈರಿನ ಅಂಗಡಿಯವರು ಅದು ಮಳೆಯಲ್ಲಿ ಜಾರುತ್ತದೆ ಎನ್ನುತ್ತಾರೆ. ಯಾವುದನ್ನು ಆರಿಸಲಿ? ಗಾಳಿ ಎಷ್ಟಿರಬೇಕು? ಸವಾರಿಯ ರೀತಿಯನ್ನೂ ಬದಲಿಸಬೇಕೇ?

ಉತ್ತರ: ನೀವು ವಿವರಿಸಿದ ಬಳಕೆಗೆ ನನ್ನ ಸಲಹೆ ಹೀಗಿದೆ. ಮುಂದಿನ ಚಕ್ರಕ್ಕೆ ಬಟನ್‌ಗಳು (ಮೇಲ್ಮೈಯ ರಬ್ಬರಿನ ಗಟ್ಟಿಗಳು) ಎದ್ದು ಕಾಣುವ ಟೈರು, ಹಿಂದಿನ ಚಕ್ರಕ್ಕೆ ಅದಕ್ಕಿಂತ ಸೌಮ್ಯವಾದ, ನಡುಭಾಗದಲ್ಲಿ ರಬ್ಬರು ಹೆಚ್ಚಿರುವ ಟೈರು, ಇವುಗಳ ಜೊತೆಗೆ ನಂಬಬಹುದಾದ ಒಂದು ಗಾಳಿ ಮಾಪಕ ಮತ್ತು ಒಂದು ಸಣ್ಣ ಪಂಪು. ಈ ಪಟ್ಟಿಯಲ್ಲಿ ಜನರು ಕಡೆಗಣಿಸುವುದು ಕೊನೆಯ ಎರಡು ವಸ್ತುಗಳನ್ನು. ಆದರೆ ಡಾಂಬರು ಬಿಟ್ಟಿಳಿದ ಮೇಲೆ ಟೈರಿನ ಮಾದರಿಯನ್ನು ಬದಲಿಸಿ ಪಡೆಯುವ ಲಾಭಕ್ಕಿಂತ, ಇರುವ ಟೈರಿನ ಗಾಳಿಯನ್ನು ನೆಲಕ್ಕೆ ತಕ್ಕಂತೆ ಇಳಿಸಿ ಪಡೆಯುವ ಲಾಭವೇ ಹಲವು ಸಲ ದೊಡ್ಡದಾಗಿರುತ್ತದೆ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲು ಆ 50/50 ಎಂಬ ಅಂಕಿಯನ್ನು ನೋಡೋಣ. ಇದನ್ನು ಅಳೆದು ಕೊಡುವ ಯಾವ ಮಾನದಂಡವೂ ಇಲ್ಲ. ಪ್ರತಿ ಕಂಪನಿಯೂ ತನ್ನ ಟೈರುಗಳ ಸಾಲಿನಲ್ಲಿ ಯಾವುದು ರಸ್ತೆಯ ಕಡೆಗೆ ವಾಲಿದೆ, ಯಾವುದು ಮಣ್ಣಿನ ಕಡೆಗೆ ವಾಲಿದೆ ಎಂದು ತಿಳಿಸಲು ತಾನೇ ಹಾಕಿಕೊಂಡ ಗುರುತು ಅದು. ಹಾಗಾಗಿ ಒಂದು ಕಂಪನಿಯ 50/50 ಟೈರು ಇನ್ನೊಂದು ಕಂಪನಿಯ 60/40 ಟೈರಿಗಿಂತ ಸೌಮ್ಯವಾಗಿರುವುದೂ ಉಂಟು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಈ ಅಂಕಿ ಸವಾರನನ್ನು ತಪ್ಪು ಲೆಕ್ಕಕ್ಕೆ ಹಚ್ಚುತ್ತದೆ. ನಿಮ್ಮ ಓಡಾಟದಲ್ಲಿ ಡಾಂಬರಿನ ಪಾಲು ಹತ್ತರಲ್ಲಿ ಒಂಬತ್ತು ಎಂದಾದರೆ 90/10 ಟೈರು ಸಾಕು ಎಂದು ಲೆಕ್ಕ ಹೇಳುತ್ತದೆ. ಆದರೆ ಉಳಿದ ಆ ಒಂದು ಪಾಲಿನಲ್ಲಿ ಇರುವುದು ಗಟ್ಟಿಯಾದ ಜಲ್ಲಿ ಹಾದಿಯೋ ಅಥವಾ ಹಿಂದಿರುಗಲು ದಾರಿಯಿಲ್ಲದ ಕೆಸರಿನ ಇಳಿಜಾರೋ ಎಂಬುದನ್ನು ಆ ಲೆಕ್ಕ ಕೇಳುವುದೇ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ನೀವು ದಾಟಲೇಬೇಕಾಗುವ ಅತಿ ಕೆಟ್ಟ ನೆಲ ಯಾವುದು, ಅದನ್ನು ತಪ್ಪಿಸಿ ಬಳಸಿ ಹೋಗಲು ಸಾಧ್ಯವೇ, ಆಗ ಬೈಕಿನ ಮೇಲೆ ನೀವೊಬ್ಬರೇ ಇರುತ್ತೀರೋ ಅಥವಾ ಹಿಂಬದಿ ಸವಾರರೂ ಸಾಮಾನೂ ಇರುತ್ತವೆಯೋ.

ಬಟನ್‌ಗಳು ಎಲ್ಲ ಕಚ್ಚಾ ನೆಲದಲ್ಲೂ ಒಂದೇ ಸಮನಾಗಿ ನೆರವಿಗೆ ಬರುತ್ತವೆ ಎಂಬ ನಂಬಿಕೆ ಸರಿಯಲ್ಲ. ಅವು ಕೆಲಸ ಮಾಡುವುದು ನೆಲದೊಳಕ್ಕೆ ಇಳಿದು, ಅಂಚುಗಳಿಂದ ಮಣ್ಣನ್ನು ಒತ್ತಿ ಹಿಡಿಯುವ ಮೂಲಕ. ಆದ್ದರಿಂದ ಅವುಗಳ ನಿಜವಾದ ಉಪಯೋಗ ಕಾಣುವುದು ಟೈರು ಒಳಗಿಳಿಯಲು ಅವಕಾಶವಿರುವ ನೆಲದಲ್ಲಿ, ಅಂದರೆ ಕೆಸರು, ಮರಳು, ಉತ್ತ ಹೊಲದಂತಹ ಸಡಿಲ ಮಣ್ಣು, ಒದ್ದೆ ಹುಲ್ಲು ಇವುಗಳಲ್ಲಿ. ಕೆಸರಿನಲ್ಲಿ ಬಟನ್‌ಗಳ ಎತ್ತರಕ್ಕಿಂತ ಅವುಗಳ ನಡುವಿನ ಖಾಲಿ ಜಾಗವೇ ಮುಖ್ಯ. ಜಾಗ ಅಗಲವಾಗಿದ್ದರೆ ಚಕ್ರ ತಿರುಗುವ ರಭಸಕ್ಕೆ ಅಂಟಿದ ಮಣ್ಣು ಸಿಡಿದು ಹೋಗಿ, ಮುಂದಿನ ಸುತ್ತಿಗೆ ಬಟನ್ ಮತ್ತೆ ಬರಿದಾಗಿ ಸಿಗುತ್ತದೆ. ಜಾಗ ಕಿರಿದಾಗಿದ್ದರೆ ಕೆಸರು ತುಂಬಿಕೊಂಡು ಎಂತಹ ಟೈರೂ ಕೆಲವೇ ಗಜಗಳಲ್ಲಿ ನುಣ್ಣಗಿನ ಉರುಳೆಯಾಗುತ್ತದೆ. ಜೇಡಿಮಣ್ಣಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಮುಂದಿನ ಮಡ್‌ಗಾರ್ಡ್ ಟೈರಿಗೆ ತೀರಾ ಹತ್ತಿರವಿರುವ ಬೈಕುಗಳಲ್ಲಂತೂ ಮಣ್ಣು ಸಂದಿಯಲ್ಲಿ ಗಿಡಿದು ಚಕ್ರವೇ ಸಿಕ್ಕಿಕೊಳ್ಳಬಹುದಾದ್ದರಿಂದ, ಎತ್ತರದ ಬಟನ್‌ಗಳ ಟೈರು ಕೊಳ್ಳುವ ಮುನ್ನ ಆ ಸಂದಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಗಟ್ಟಿ ನೆಲದ ಮೇಲೆ ಹರಡಿದ ಸಡಿಲ ಜಲ್ಲಿಯ ವಿಚಾರ ಹೀಗಲ್ಲ. ಅಲ್ಲಿ ಕಲ್ಲುಗಳೇ ಟೈರಿನ ಕೆಳಗೆ ಉರುಳುವುದರಿಂದ ಯಾವ ಟೈರಿಗೂ ಪೂರ್ತಿ ಹಿಡಿತ ಸಿಗುವುದಿಲ್ಲ. ಬಟನ್‌ಗಳಿಂದ ಸ್ವಲ್ಪ ಲಾಭವಿದೆ, ಗಾಳಿ ಇಳಿಸುವುದರಿಂದ ಅದಕ್ಕಿಂತ ಹೆಚ್ಚು ಲಾಭವಿದೆ. ಒಣಗಿ ಗಟ್ಟಿಯಾದ ಮಣ್ಣಿನ ರಸ್ತೆಯಲ್ಲಿ ರಸ್ತೆಯ ಕಡೆಗೆ ವಾಲಿದ ಟೈರು ಸಲೀಸಾಗಿ ಹೋಗುತ್ತದೆ. ಒಣ ಬಂಡೆಯ ಮೇಲೆ ಹಿಡಿತ ಕೊಡುವುದು ನೆಲಕ್ಕೆ ತಾಗುವ ರಬ್ಬರು. ಎತ್ತರದ ಬಟನ್‌ಗಳು ಕಲ್ಲಿನ ಅಂಚಿನಲ್ಲಿ ಬಾಗಿ ಬೈಕನ್ನು ಅಲುಗಿಸುತ್ತವೆಯೇ ಹೊರತು ಹೆಚ್ಚೇನೂ ನೆರವಾಗುವುದಿಲ್ಲ. ನೀವು ಹೇಳಿದ ಮೂರು ನೆಲಗಳಲ್ಲಿ ಎರಡಕ್ಕೆ ಬಟನ್ ಟೈರು ಅನಿವಾರ್ಯವಲ್ಲ, ಮೂರನೆಯದಾದ ಕೆಸರಿಗೆ ಮಾತ್ರ ಅದರ ಬದಲಿಗೆ ಬೇರೇನೂ ಇಲ್ಲ ಎಂಬುದನ್ನು ಗಮನಿಸಿ.

ಇನ್ನು ಅದೇ ಬಟನ್‌ಗಳು ಡಾಂಬರಿನ ಮೇಲೆ ಏನು ಬೆಲೆ ಕೇಳುತ್ತವೆ ಎಂಬ ವಿಚಾರ. ಅಂಗಡಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಬಟನ್ ಟೈರಿನ ಮೇಲ್ಮೈಯ ದೊಡ್ಡ ಪಾಲು ಖಾಲಿ ಜಾಗವಾದ್ದರಿಂದ ರಸ್ತೆಗೆ ತಾಗುವ ರಬ್ಬರು ಕಡಿಮೆ. ತಾಗುವ ಪ್ರತಿಯೊಂದು ಬಟನ್ನೂ ಬ್ರೇಕ್ ಹಿಡಿದಾಗ ಒಂದು ಕಡೆಗೆ, ಥ್ರಾಟಲ್ ಕೊಟ್ಟಾಗ ಇನ್ನೊಂದು ಕಡೆಗೆ ಬಾಗುತ್ತದೆ. ಹೀಗೆ ಬಾಗುವುದರಿಂದಲೇ ಹ್ಯಾಂಡಲ್‌ನಲ್ಲಿ ಒಂದು ಬಗೆಯ ಮೆತ್ತನೆಯ, ಖಚಿತವಲ್ಲದ ಅನುಭವವಾಗುತ್ತದೆ. ತಿರುವಿನಲ್ಲಿ ಬೈಕನ್ನು ವಾಲಿಸಿದಾಗ ನಡುವಿನ ಸಾಲಿನಿಂದ ಪಕ್ಕದ ಸಾಲಿಗೆ ಭಾರ ದಾಟುವ ಕ್ಷಣದಲ್ಲಿ ಒಂದು ಸಣ್ಣ ಮೆಟ್ಟಿಲು ಇಳಿದಂತಾಗುತ್ತದೆ. ಒದ್ದೆ ಡಾಂಬರಿನಲ್ಲಿ ಜಾರುವುದೋ ಇಲ್ಲವೋ ಎಂಬುದು ಬಟನ್‌ಗಳ ಆಕಾರದಷ್ಟೇ ರಬ್ಬರಿನ ಮಿಶ್ರಣವನ್ನೂ ಅವಲಂಬಿಸಿದೆ. ಬೇಗ ಸವೆಯಬಾರದೆಂದು ಗಡಸಾಗಿ ಮಾಡಿದ ರಬ್ಬರು ಮಳೆಯಲ್ಲಿ ಬೇಗ ಸೋಲುತ್ತದೆ. ಸಿಲಿಕಾ ಹೆಚ್ಚಿರುವ ಮೆದು ರಬ್ಬರಿನ ಬಟನ್ ಟೈರು ಮಳೆಯಲ್ಲೂ ಅಚ್ಚರಿಪಡುವಷ್ಟು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಮುಗಿದುಹೋಗುತ್ತದೆ. ಬಹಳ ಕಾಲ ಬಾಳಿಕೆ ಬರುವ, ಕೆಸರಿನಲ್ಲಿ ಕಚ್ಚುವ, ಮಳೆಯ ಡಾಂಬರಿನಲ್ಲಿ ಜಾರದ ಟೈರು ಎಂದು ಒಂದೇ ಉಸಿರಿನಲ್ಲಿ ಹೇಳುವ ಜಾಹೀರಾತನ್ನು ನಾನು ನಂಬುವುದಿಲ್ಲ. ಈ ಮೂರರಲ್ಲಿ ಎರಡು ಚೆನ್ನಾಗಿದ್ದರೆ ಮೂರನೆಯದನ್ನು ಬಿಟ್ಟುಕೊಡಬೇಕಾಗುತ್ತದೆ.

ಬಿಸಿ ಎನ್ನುವುದು ಇನ್ನೊಂದು ವಿಷಯ. ಬಟನ್‌ಗಳು ಪ್ರತಿ ಸುತ್ತಿನಲ್ಲೂ ಬಾಗಿ ನೇರವಾಗುವಾಗ ರಬ್ಬರಿನ ಒಳಗೆ ಶಾಖ ಹುಟ್ಟುತ್ತದೆ. ಹೆಚ್ಚು ಭಾರ, ಕಡಿಮೆ ಗಾಳಿ, ಬಿಸಿಲಿನ ಹೆದ್ದಾರಿ ಮತ್ತು ಸತತವಾದ ವೇಗ ಇವು ನಾಲ್ಕೂ ಒಟ್ಟಾದರೆ ಬಟನ್‌ಗಳು ಬುಡದಿಂದಲೇ ಕಿತ್ತುಬರಬಹುದು. 1980ರಲ್ಲಿ ಬಿಎಂಡಬ್ಲ್ಯು ತನ್ನ ಆರ್ 80 ಜಿ/ಎಸ್ ಅನ್ನು ಹೊರತಂದ ಕಾಲದಿಂದ ಈಚೆಗೆ ಕಚ್ಚಾ ಹಾದಿಯ ಬೈಕುಗಳು ತೂಕದಲ್ಲೂ ವೇಗದಲ್ಲೂ ಬೆಳೆಯುತ್ತಲೇ ಬಂದಿವೆ. ಈ ವರ್ಗದ ಟೈರುಗಳ ವಿನ್ಯಾಸವೆಲ್ಲ ಬಹುಮಟ್ಟಿಗೆ ಆ ಭಾರವನ್ನೂ ಬಿಸಿಯನ್ನೂ ತಾಳಿಕೊಳ್ಳುವ ಪ್ರಯತ್ನವೇ ಆಗಿದೆ. ಹಿಂದಿನ ಟೈರಿನ ನಡುವೆ ಬಟನ್‌ಗಳನ್ನು ಒಂದಕ್ಕೊಂದು ರಬ್ಬರಿನ ಸೇತುವೆಗಳಿಂದ ಜೋಡಿಸುವುದು, ಹೈಡೆನೌ ಕೆ60 ಸ್ಕೌಟ್ ಟೈರಿನ ಕೆಲವು ಅಳತೆಗಳಲ್ಲಿ ಕಾಣುವಂತೆ ನಡುವೆ ಒಂದು ಅಖಂಡ ಪಟ್ಟಿಯನ್ನೇ ಇಡುವುದು, ಮಿತಾಸ್ ಇ-07ರಂತೆ ದಪ್ಪನೆಯ ಓರೆ ಕಟ್ಟೆಗಳನ್ನು ಹಾಕುವುದು, ಇವೆಲ್ಲ ಆ ಒಂದೇ ಉದ್ದೇಶದವು.

ಈಗ ಮುಂದಕ್ಕೊಂದು, ಹಿಂದಕ್ಕೊಂದು ಎಂದು ನಾನು ಹೇಳಿದ ಸಲಹೆಯ ಕಾರಣಕ್ಕೆ ಬರುತ್ತೇನೆ. ಕಚ್ಚಾ ನೆಲದಲ್ಲಿ ಹಿಂದಿನ ಚಕ್ರ ಜಾರಿದರೆ ಬೈಕು ಸ್ವಲ್ಪ ಅಡ್ಡವಾಗುತ್ತದೆ, ಥ್ರಾಟಲ್ ಸಡಿಲಿಸಿ ಅಥವಾ ಹಾಗೆಯೇ ಹಿಡಿದು ಅದನ್ನು ಸರಿಪಡಿಸಿಕೊಳ್ಳಲು ಬಹುತೇಕ ಸಲ ಸಮಯ ಸಿಗುತ್ತದೆ. ಮುಂದಿನ ಚಕ್ರ ಪಕ್ಕಕ್ಕೆ ಜಾರಿದರೆ ಆ ಸಮಯ ಸಿಗುವುದಿಲ್ಲ. ದಿಕ್ಕೂ ಹೋಗುತ್ತದೆ, ಸಮತೋಲವೂ ಹೋಗುತ್ತದೆ. ಇನ್ನೊಂದು ಕಡೆ, ಎಂಜಿನ್ನಿನ ಎಳೆತವನ್ನೂ ಹೆಚ್ಚಿನ ಭಾರವನ್ನೂ ಹೊರುವುದು ಹಿಂದಿನ ಟೈರಾದ್ದರಿಂದ ಬೇಗ ಸವೆಯುವುದೂ ಅದೇ. ಡಾಂಬರಿನ ಮೇಲೆ ಬಟನ್ ಟೈರುಗಳನ್ನು ಓಡಿಸುವವರು ಮುಂದಿನದು ಒಂದು ಮುಗಿಯುವುದರೊಳಗೆ ಹಿಂದಿನವು ಎರಡನ್ನು ಮುಗಿಸುವುದು ಸಾಮಾನ್ಯ. ಆದ್ದರಿಂದ ಕಾಂಟಿನೆಂಟಲ್ ಟಿಕೆಸಿ 80 ಅಥವಾ ಮಿಶೆಲಿನ್ ಅನಾಕೀ ವೈಲ್ಡ್ ಬಗೆಯ ಟೈರನ್ನು ಮುಂದೆ ಹಾಕಿ, ಹಿಂದೆ ನಡುಭಾಗ ಗಟ್ಟಿಯಾಗಿರುವ ಟೈರನ್ನು ಹಾಕುವ ಜೋಡಣೆ ಅನುಭವಿ ಸವಾರರಲ್ಲಿ ಬಹಳ ಕಾಲದಿಂದ ರೂಢಿಯಲ್ಲಿದೆ. ಇದರಲ್ಲಿ ಒಂದು ಎಚ್ಚರವಿರಲಿ. ಮಾದರಿ ಬೇರೆಯಾದರೂ ಒಳಗಿನ ನೂಲಿನ ಕಟ್ಟು ಹೊಂದಾಣಿಕೆಯಾಗಬೇಕು; ರೇಡಿಯಲ್ (ನೂಲುಗಳು ಟೈರಿಗೆ ನೇರ ಅಡ್ಡವಾಗಿರುವ) ಮತ್ತು ಬಯಸ್ (ನೂಲುಗಳು ಓರೆಯಾಗಿರುವ) ಟೈರುಗಳನ್ನು ಬೈಕಿನ ಅಥವಾ ಟೈರಿನ ಕಂಪನಿ ಒಪ್ಪಿದ ಜೋಡಿಯಾಗಿದ್ದರೆ ಮಾತ್ರ ಬೆರೆಸಬೇಕು. ಹಾಗೆಯೇ ನಿಮ್ಮ ಕಚ್ಚಾ ಹಾದಿಗಳಲ್ಲಿ ಕೆಸರು ಎಂಬುದು ವರ್ಷಕ್ಕೊಮ್ಮೆ ಬರುವ ಮಾತಾಗಿದ್ದರೆ ಎರಡಕ್ಕೂ ಪಿರೆಲ್ಲಿ ಎಂಟಿ 60 ಬಗೆಯ, ಅಗಲವಾದ ಕಟ್ಟೆಗಳ ರಸ್ತೆ ಟೈರೇ ಸಾಕು. ಆ ಸಂದರ್ಭದಲ್ಲಿ ಬಟನ್ ಟೈರು ಹಾಕಿಸುವುದು ಬೈಕಿನ ಅಂದಕ್ಕೆ ಮಾಡುವ ಖರ್ಚು, ಅದನ್ನು ನಾನು ತಪ್ಪೆನ್ನಲಾರೆ.

ಅಳತೆಯ ವಿಷಯದಲ್ಲಿ ಮಾತ್ರ ಅಂದಕ್ಕೆ ಮನಸೋಲಬೇಡಿ. ಕಂಪನಿ ಹೇಳಿದ ಅಳತೆಗಿಂತ ಅಗಲದ ಟೈರನ್ನು ಅದೇ ರಿಮ್ಮಿಗೆ ಹಾಕಿದರೆ ಅದರ ಬದಿಗಳು ಒಳಕ್ಕೆ ಸೆಳೆದುಕೊಂಡು ಮೇಲ್ಮೈ ಹೆಚ್ಚು ದುಂಡಗಾಗುತ್ತದೆ. ಅಗಲ ಹೆಚ್ಚಿದರೂ ನೇರ ಓಟದಲ್ಲಿ ನೆಲಕ್ಕೆ ತಾಗುವ ಭಾಗ ಹೆಚ್ಚುವುದಿಲ್ಲ, ಬೈಕು ತಿರುಗಲು ಮಾತ್ರ ಜಡವಾಗುತ್ತದೆ. ಬಟನ್‌ಗಳು ಚೈನಿಗೋ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೋ ತಾಗುವ ಅಪಾಯವೂ ಇದೆ. ಸುತ್ತಳತೆ ಬದಲಾದರೆ ಸ್ಪೀಡೋಮೀಟರಿನ ಲೆಕ್ಕ ತಪ್ಪುತ್ತದೆ. ಎರಡು ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ, ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮತ್ತು ಎಳೆತದಲ್ಲಿ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್‌ಗಳಿಗೂ ಗೊಂದಲವಾಗಬಹುದು. ಉದಾಹರಣೆಗೆ, 17 ಇಂಚಿನ ರಿಮ್ಮಿಗೆ 120/90 ಟೈರು ಹಾಕಿದರೆ ಲೆಕ್ಕದ ಪ್ರಕಾರ ಹೊರ ವ್ಯಾಸ ಸುಮಾರು 648 ಮಿ.ಮೀ., 140/80 ಹಾಕಿದರೆ ಸುಮಾರು 656 ಮಿ.ಮೀ. ಈ ವ್ಯತ್ಯಾಸ ಸಣ್ಣದು. ಆದರೆ 20 ಮಿ.ಮೀ. ಹೆಚ್ಚಿನ ಅಗಲಕ್ಕೆ ರಿಮ್ಮಿನಲ್ಲೂ ಚೈನಿನ ಪಕ್ಕದಲ್ಲೂ ಜಾಗ ಇದೆಯೇ ಎಂಬುದು ಸಣ್ಣ ಪ್ರಶ್ನೆಯಲ್ಲ.

ಟೈರಿನ ಬದಿಯಲ್ಲಿ ಅಚ್ಚಾದ ಬರಹವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. 90/90-21 54 ಎಸ್ ಎಂದಿದ್ದರೆ ಅಗಲ 90 ಮಿ.ಮೀ., ಎತ್ತರ ಆ ಅಗಲದ 90 ಶೇಕಡಾ, ರಿಮ್ 21 ಇಂಚು. 54 ಎಂಬ ಭಾರದ ಸೂಚ್ಯಂಕಕ್ಕೆ 212 ಕಿಲೋ, ಎಸ್ ಎಂಬ ಅಕ್ಷರಕ್ಕೆ ಗಂಟೆಗೆ 180 ಕಿ.ಮೀ. ವೇಗ. ಅಡ್ಡಗೆರೆಯ ಜಾಗದಲ್ಲಿ ಆರ್ ಇದ್ದರೆ ರೇಡಿಯಲ್, ಬಿ ಇದ್ದರೆ ಬೆಲ್ಟ್ ಸೇರಿಸಿದ ಬಯಸ್. ಅನೇಕ ಬಟನ್ ಟೈರುಗಳ ಮೇಲೆ ಕ್ಯೂ ಅಕ್ಷರವಿರುತ್ತದೆ, ಅಂದರೆ ಗಂಟೆಗೆ 160 ಕಿ.ಮೀ. ನಿಮ್ಮ ಬೈಕಿಗೆ ಇದು ಸಾಕಾಗಬಹುದು, ಆದರೆ ಬೈಕಿನ ದಾಖಲೆಯಲ್ಲಿ ಹೇಳಿದ ಕನಿಷ್ಠ ಸೂಚ್ಯಂಕಕ್ಕಿಂತ ಕೆಳಗಿಳಿಯಬಾರದು. ಭಾರದ ಸೂಚ್ಯಂಕ ಟೈರಿನಲ್ಲಿ ನಿಗದಿತ ಪೂರ್ಣ ಒತ್ತಡವಿರುವಾಗ ಮಾತ್ರ ಅನ್ವಯಿಸುತ್ತದೆ. ಗಾಳಿ ಇಳಿಸಿದರೆ ಹೊರುವ ಶಕ್ತಿಯೂ ತಾಳುವ ವೇಗವೂ ಜೊತೆಯಲ್ಲೇ ಇಳಿಯುತ್ತವೆ. ಎಂ ಪ್ಲಸ್ ಎಸ್ ಎಂಬ ಗುರುತು ಟೈರು ಕೆಸರಿಗೂ ಹಿಮಕ್ಕೂ ಹೊಂದುತ್ತದೆ ಎಂದು ತಯಾರಕರು ತಾವೇ ಹೇಳಿಕೊಳ್ಳುವ ಮಾತಾಗಿದೆ, ಯಾವುದೋ ಪರೀಕ್ಷೆಯಲ್ಲಿ ಗೆದ್ದ ಪ್ರಮಾಣಪತ್ರವಲ್ಲ. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. 2324 ಎಂದರೆ 2024ನೇ ವರ್ಷದ 23ನೇ ವಾರ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತ ಟೈರು ಹೊಳೆಯುತ್ತಿದ್ದರೂ ರಬ್ಬರು ಗಡಸಾಗಿರಬಹುದು. ಬಾಣದ ಗುರುತನ್ನೂ ಗಮನಿಸಿ. ಮುಂದಿನ ಟೈರಿನ ಮುಖ್ಯ ಹೊರೆ ಬ್ರೇಕಿನದು, ಹಿಂದಿನದರ ಹೊರೆ ಎಳೆತದ್ದು. ಆದ್ದರಿಂದ ಒಂದೇ ಮಾದರಿಯ ಟೈರಾದರೂ ಮುಂದೆ ಹಾಕಿದಾಗ ಒಂದು ದಿಕ್ಕಿಗೂ ಹಿಂದೆ ಹಾಕಿದಾಗ ಇನ್ನೊಂದು ದಿಕ್ಕಿಗೂ ಬಾಣ ಇರುವುದುಂಟು.

ನಿಮ್ಮದು ಟ್ಯೂಬ್ ಚಕ್ರವಾದ್ದರಿಂದ ಕೆಲವು ವಿಶೇಷ ಮಾತುಗಳು. ಟ್ಯೂಬ್‌ಲೆಸ್ ಎಂದು ಬರೆದ ಟೈರನ್ನು ಒಳಗೆ ಟ್ಯೂಬ್ ಹಾಕಿ ಸ್ಪೋಕ್ ಚಕ್ರಕ್ಕೆ ಬಳಸುವುದನ್ನು ಹೆಚ್ಚಿನ ತಯಾರಕರು ಒಪ್ಪುತ್ತಾರೆ, ಆದರೆ ಅದರ ಸೈಡ್‌ವಾಲ್ ಗಡಸಾಗಿರುವುದರಿಂದ ದಾರಿಯಲ್ಲಿ ಬಿಚ್ಚುವುದು ಕಷ್ಟ. ಟೈರಿನ ಒಳಮೈಯಲ್ಲಿ ಅಂಟಿಸಿದ ಕಾಗದದ ಚೀಟಿ ಇದ್ದರೆ ಟ್ಯೂಬ್ ಹಾಕುವ ಮೊದಲು ಕಿತ್ತುಹಾಕಿಸಿ. ಅದು ಉಜ್ಜಿ ಉಜ್ಜಿಯೇ ಟ್ಯೂಬ್ ತೂತಾಗುತ್ತದೆ. ಟೈರು ಬದಲಿಸುವಾಗ ಟ್ಯೂಬನ್ನೂ ರಿಮ್ ಪಟ್ಟಿಯನ್ನೂ ಹೊಸದಾಗಿ ಹಾಕಿಸುವುದು ಉಳಿತಾಯದ ದಾರಿಯೇ ಹೌದು. 3–4 ಮಿ.ಮೀ. ದಪ್ಪದ ಟ್ಯೂಬುಗಳು ಕಲ್ಲಿನ ಹೊಡೆತವನ್ನು ಚೆನ್ನಾಗಿ ತಾಳುತ್ತವೆ, ಆದರೆ ತೂಕವನ್ನೂ ಹೆದ್ದಾರಿಯಲ್ಲಿ ಬಿಸಿಯನ್ನೂ ಹೆಚ್ಚಿಸುತ್ತವೆ. ನಿಮ್ಮ ಬಳಕೆಗೆ ಮಧ್ಯಮ ದಪ್ಪದ್ದು ಸಾಕು. ಬದಲಿಗೆಂದು ಒಂದೇ ಟ್ಯೂಬ್ ಒಯ್ಯುವುದಾದರೆ 21 ಇಂಚಿನದನ್ನು ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ ಚಕ್ರದೊಳಗೂ ಮಡಿಸಿ ತುರುಕಿ ಮನೆ ಸೇರಬಹುದು, 17 ಇಂಚಿನ ದಪ್ಪ ಟ್ಯೂಬನ್ನು ಮುಂದಿನ ಕಿರಿದಾದ ಟೈರಿಗೆ ಹಾಗೆ ಹೊಂದಿಸಲಾಗದು.

ಗಾಳಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಡಾಂಬರಿನ ಮೇಲೆ, ಚಕ್ರದ ಹತ್ತಿರದ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ಬೈಕಿನ ಕಂಪನಿ ಕೊಟ್ಟ ಅಂಕಿಯೇ ಪ್ರಮಾಣ. ಟೈರು ತಣ್ಣಗಿರುವಾಗ, ಅಂದರೆ ಬೈಕು ಕೆಲವು ಗಂಟೆ ನಿಂತ ಮೇಲೆ ಅಳೆಯಬೇಕು. ಓಡಿಸಿ ಬಿಸಿಯಾದ ಮೇಲೆ ಒತ್ತಡ ಏರುವುದು ಸಹಜ. ಆ ಏರಿಕೆ ಹತ್ತು ಶೇಕಡಾಕ್ಕಿಂತ ಬಹಳ ಹೆಚ್ಚಾಗಿದ್ದರೆ ಹೊರಡುವಾಗ ಗಾಳಿ ಕಡಿಮೆಯಿತ್ತು, ಟೈರು ಅತಿಯಾಗಿ ಬಾಗುತ್ತಿದೆ ಎಂದು ತಿಳಿಯಬಹುದು. ಬಿಸಿ ಟೈರಿನಿಂದ ಗಾಳಿ ಬಿಟ್ಟು ‘ಸರಿ’ ಮಾಡುವುದು ತಪ್ಪು, ತಣಿದ ಮೇಲೆ ಅದು ಇನ್ನೂ ಕಡಿಮೆಯಾಗಿರುತ್ತದೆ. ಸುತ್ತಲಿನ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಬದಲಾದರೆ ಮಾಪಕದಲ್ಲಿ ಸುಮಾರು 1ರಿಂದ 1.5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ಬರುತ್ತದೆ. ಎತ್ತರದ ಪ್ರದೇಶಕ್ಕೆ ಏರಿದಾಗ ಹೊರಗಿನ ಒತ್ತಡ ಇಳಿಯುವುದರಿಂದ ಮಾಪಕ ತುಸು ಹೆಚ್ಚು ತೋರಿಸುತ್ತದೆ, ಅಲ್ಲಿನ ಚಳಿ ಅದನ್ನು ಬಹುಮಟ್ಟಿಗೆ ಇಳಿಸುತ್ತದೆ, ಇದಕ್ಕಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಕಚ್ಚಾ ನೆಲದಲ್ಲಿ ಗಾಳಿ ಇಳಿಸಿದಾಗ ಆಗುವುದು ಎರಡು. ನೆಲಕ್ಕೆ ತಾಗುವ ಭಾಗ ಮುಖ್ಯವಾಗಿ ಉದ್ದಕ್ಕೆ ಹಿಗ್ಗುತ್ತದೆ, ಅಂದರೆ ಒಂದೇ ಕ್ಷಣದಲ್ಲಿ ಹೆಚ್ಚು ಬಟನ್‌ಗಳು ಕೆಲಸಕ್ಕೆ ಸಿಗುತ್ತವೆ. ಜೊತೆಗೆ ಟೈರು ಸಣ್ಣ ಕಲ್ಲುಗಳ ಮೇಲೆ ಪುಟಿಯುವ ಬದಲು ಅವುಗಳನ್ನು ಅಪ್ಪಿಕೊಂಡು ಉರುಳುತ್ತದೆ. ಒಬ್ಬರೇ ಸವಾರರಿರುವ ನಿಮ್ಮ ತೂಕದ ಬೈಕಿಗೆ, ಜಲ್ಲಿ ಮತ್ತು ಮಣ್ಣಿನ ರಸ್ತೆಯಲ್ಲಿ ಮುಂದೆ 24–26, ಹಿಂದೆ 26–28 ಪಿಎಸ್‌ಐಯಿಂದ ಪ್ರಾರಂಭಿಸಿ. ಕೆಸರು ಬಂದಾಗ ಇನ್ನೂ ಎರಡು ಮೂರು ಪಿಎಸ್‌ಐ ಇಳಿಸಬಹುದು. ಆಳವಾದ ಮರಳಿನಲ್ಲಿ 18–20ರವರೆಗೆ ಇಳಿಯಬಹುದು, ಆದರೆ ವೇಗ ತೀರಾ ಕಡಿಮೆಯಿರಬೇಕು. ಚೂಪಾದ ಕಲ್ಲುಗಳ ಹಾದಿಯಲ್ಲಿ ಈ ಉತ್ಸಾಹ ಬೇಡ. ಅಲ್ಲಿ ಟ್ಯೂಬ್ ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿ ಪಕ್ಕಪಕ್ಕದಲ್ಲೇ ಎರಡು ಸೀಳುಗಳಾಗುವ ಪಂಕ್ಚರ್ ಟ್ಯೂಬ್ ಚಕ್ರಗಳ ದೊಡ್ಡ ಶತ್ರು, ರಿಮ್ಮೂ ನೆಗ್ಗಬಹುದು. ಕಲ್ಲಿನ ಹಾದಿಯಲ್ಲಿ ಜಲ್ಲಿಯ ಅಂಕಿಗಿಂತ ಕೆಳಗಿಳಿಯದಿರುವುದೇ ಲೇಸು. ಸಾಮಾನು ಹೆಚ್ಚಿದ್ದರೆ ಎಲ್ಲ ಕಡೆಯೂ ಎರಡು ಮೂರು ಪಿಎಸ್‌ಐ ಸೇರಿಸಿಕೊಳ್ಳಿ. ಈ ಅಂಕಿಗಳು ಪ್ರಾರಂಭಕ್ಕೆ ಮಾತ್ರ. ಟೈರಿನ ಒಳಕಟ್ಟು ಎಷ್ಟು ಗಡಸು ಎಂಬುದರ ಮೇಲೆ ಅವು ಬದಲಾಗುತ್ತವೆ.

ಗಾಳಿ ಇನ್ನೂ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆಯೇ ಜರುಗಿ, ತನ್ನೊಂದಿಗೆ ಟ್ಯೂಬನ್ನೂ ಎಳೆದು, ವಾಲ್ವ್‌ನ ಬುಡವನ್ನು ಹರಿಯುತ್ತದೆ. ಸ್ಪರ್ಧೆಯ ಬೈಕುಗಳಲ್ಲಿ ಇದಕ್ಕಾಗಿ ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ರಿಮ್ ಲಾಕ್ ಹಾಕುತ್ತಾರೆ, ಅಥವಾ ಟ್ಯೂಬಿನ ಬದಲು ಮೂಸ್ ಎಂಬ ನೊರೆ ರಬ್ಬರಿನ ಬಳೆ ತುಂಬುತ್ತಾರೆ. ಮೂಸ್ ಹೆದ್ದಾರಿಯ ಬಿಸಿಗೆ ಹೇಳಿ ಮಾಡಿಸಿದ್ದಲ್ಲವಾದ್ದರಿಂದ ನಿಮಗೆ ಅದು ಬೇಡ. ನೀವು ಮಾಡಬಹುದಾದದ್ದು ಸುಲಭ: ವಾಲ್ವ್‌ನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲಕ್ಕೆ, ಮುಚ್ಚಳದ ಬುಡಕ್ಕೆ ತಿರುಗಿಸಿ ಇಡಿ. ಟೈರು ಜರುಗತೊಡಗಿದರೆ ವಾಲ್ವ್ ಓರೆಯಾಗಿ ನಿಲ್ಲುತ್ತದೆ, ಹರಿಯುವ ಮೊದಲೇ ನಿಮ್ಮ ಕಣ್ಣಿಗೆ ಬೀಳುತ್ತದೆ. ಮತ್ತೆ ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಸಿಯೇ ಮುಂದೆ ಹೋಗಬೇಕು. ‘ಮುಂದಿನ ಊರಿನಲ್ಲಿ ತುಂಬಿಸೋಣ’ ಎಂಬ ಆಲಸ್ಯಕ್ಕೆ ಮದ್ದಾಗಿಯೇ ಪಂಪನ್ನು ಬೈಕಿನಲ್ಲಿ ಇಟ್ಟುಕೊಳ್ಳಿ ಎಂದು ಮೊದಲೇ ಹೇಳಿದ್ದು.

ಸವಾರಿಯ ರೀತಿಯನ್ನು ಬದಲಿಸಬೇಕೇ ಎಂದರೆ, ಹೌದು, ಮೊದಲ ದಿನದಿಂದಲೇ. ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದಂತೆಯೇ ನುಣುಪಾಗಿರುತ್ತದೆ, ಜೋಡಿಸುವಾಗ ಬೀಡ್‌ಗೆ (ರಿಮ್ಮಿನಲ್ಲಿ ಕೂರುವ ಟೈರಿನ ಅಂಚಿಗೆ) ಹಚ್ಚಿದ ದ್ರವವೂ ಪೂರ್ತಿ ಒಣಗಿರುವುದಿಲ್ಲ. ಆದ್ದರಿಂದ ಮೊದಲ 100–150 ಕಿ.ಮೀ.ವರೆಗೆ ಜೋರು ಬ್ರೇಕ್, ಜೋರು ಥ್ರಾಟಲ್, ಹೆಚ್ಚಿನ ವಾಲುವಿಕೆ ಯಾವುದೂ ಬೇಡ. ಆನಂತರವೂ ಡಾಂಬರಿನಲ್ಲಿ ಬ್ರೇಕನ್ನು ಒಮ್ಮೆಲೇ ಹಿಡಿಯದೆ, ಮೊದಲು ಹಗುರವಾಗಿ ಒತ್ತಿ ಬಟನ್‌ಗಳು ಬಾಗಿ ನೆಲ ಹಿಡಿಯಲು ಅವಕಾಶ ಕೊಟ್ಟು, ನಂತರ ಒತ್ತಡ ಏರಿಸುತ್ತ ಹೋಗಬೇಕು. ಮುಂದಿನ ವಾಹನಕ್ಕೂ ನಿಮಗೂ ನಡುವೆ ಹಿಂದಿಗಿಂತ ಹೆಚ್ಚು ಅಂತರವಿರಲಿ. ಮಳೆಯಲ್ಲಿ ರಸ್ತೆಯ ಮೇಲಿನ ಬಣ್ಣದ ಪಟ್ಟಿಗಳನ್ನೂ ಕಬ್ಬಿಣದ ಮುಚ್ಚಳಗಳನ್ನೂ ಬೈಕು ನೆಟ್ಟಗಿರುವಾಗಲೇ ದಾಟಬೇಕು. ಅಂತಹ ಕಡೆ ಬಟನ್ ಟೈರಿಗೆ ರಸ್ತೆ ಟೈರಿಗಿಂತ ಕಡಿಮೆ ಕ್ಷಮೆ. ಕೆಸರಿನಿಂದ ಡಾಂಬರಿಗೆ ಏರಿದ ಮೊದಲ ಕೆಲವು ನೂರು ಮೀಟರುಗಳಂತೂ ಅತ್ಯಂತ ಮೋಸದವು. ಬಟನ್‌ಗಳ ನಡುವೆ ಮಣ್ಣು ತುಂಬಿರುವಾಗ ರಸ್ತೆಗೆ ತಾಗುತ್ತಿರುವುದು ರಬ್ಬರಲ್ಲ. ಮಣ್ಣು ಸಿಡಿದು ಹೋಗುವ ತನಕ ನೇರವಾಗಿ, ನಿಧಾನವಾಗಿ ಸಾಗಿ.

ಹೆದ್ದಾರಿಯಲ್ಲಿ ಒಂದು ವೇಗ ದಾಟಿದ ಮೇಲೆ ಬೈಕು ಹಾವಿನಂತೆ ಮೆಲ್ಲಗೆ ಎಡಬಲಕ್ಕೆ ತೂಗಲು ಪ್ರಾರಂಭಿಸಬಹುದು. ಎತ್ತರದಲ್ಲಿ, ಹಿಂದಕ್ಕೆ ಸರಿಸಿ ಕಟ್ಟಿದ ಸಾಮಾನು ಇದನ್ನು ಹೆಚ್ಚಿಸುತ್ತದೆ. ಆಗ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದೂ ಬ್ರೇಕನ್ನು ಜಗ್ಗುವುದೂ ತೂಗಾಟವನ್ನು ಬೆಳೆಸುತ್ತವೆ. ಕೈ ಸಡಿಲವಾಗಿಟ್ಟು ಥ್ರಾಟಲನ್ನು ನಿಧಾನವಾಗಿ ಇಳಿಸಿದರೆ ಅದು ತಾನೇ ಅಡಗುತ್ತದೆ. ಹೊರಡುವ ಮುನ್ನ ಭಾರದ ಸಾಮಾನನ್ನು ಕೆಳಕ್ಕೂ ಮುಂದಕ್ಕೂ ತಂದು ಕಟ್ಟಿ.

ಕಚ್ಚಾ ನೆಲದಲ್ಲಿ ಫುಟ್‌ಪೆಗ್ ಮೇಲೆ ನಿಂತು ಓಡಿಸುವುದರ ಉದ್ದೇಶ ಗತ್ತು ತೋರುವುದಲ್ಲ; ದೇಹದ ತೂಕ ಸೀಟಿನಿಂದ ಪೆಗ್‌ಗಳಿಗೆ ಇಳಿದಾಗ ಕೆಳಗೆ ಬೈಕು ತನ್ನಷ್ಟಕ್ಕೆ ಅಲುಗಾಡಲು ಬಿಡುವಾಗುತ್ತದೆ. ಮರಳಿನಲ್ಲಿ ತೂಕವನ್ನು ತುಸು ಹಿಂದಕ್ಕೆ ಇಟ್ಟು ಥ್ರಾಟಲನ್ನು ಒಂದೇ ಸಮನಾಗಿ ಹಿಡಿದರೆ ಮುಂದಿನ ಚಕ್ರ ಹೂತುಕೊಳ್ಳದೆ ತೇಲುತ್ತದೆ, ಥ್ರಾಟಲ್ ಮುಚ್ಚಿದ ಮರುಕ್ಷಣ ಹೂತುಕೊಳ್ಳುತ್ತದೆ. ಕೆಸರಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಸುತ್ತಲು ಬಿಡಿ, ಬಟನ್‌ಗಳು ತಮ್ಮನ್ನು ತಾವು ತೊಳೆದುಕೊಳ್ಳುವುದೇ ಹಾಗೆ. ಆದರೆ ಬೈಕು ಮುಂದೆ ಸಾಗದೆ ಚಕ್ರ ಮಾತ್ರ ಸುತ್ತುತ್ತಿದ್ದರೆ ಕೂಡಲೇ ನಿಲ್ಲಿಸಿ, ಗುಂಡಿ ಆಳವಾಗುವುದಷ್ಟೇ ಲಾಭ. ಜಲ್ಲಿಯ ಇಳಿಜಾರಿನಲ್ಲೂ ಬೈಕನ್ನು ನಿಲ್ಲಿಸುವ ಮುಖ್ಯ ಬ್ರೇಕ್ ಮುಂದಿನದೇ, ಆದರೆ ಬೈಕು ನೆಟ್ಟಗಿದ್ದು ಹ್ಯಾಂಡಲ್ ನೇರವಿರುವಾಗ ಮಾತ್ರ, ಬೆರಳುಗಳಿಂದ ಅಳೆದು ಒತ್ತಬೇಕು. ಎಬಿಎಸ್‌ನಲ್ಲಿ ಆಫ್‌ರೋಡ್ ವಿಧಾನವಿದ್ದರೆ ಬಳಸಿ. ಹಿಂದಿನ ಚಕ್ರ ಲಾಕ್ ಆದಾಗ ಅದರ ಮುಂದೆ ಮಣ್ಣಿನ ಸಣ್ಣ ದಿಬ್ಬ ಸೇರಿ ಬೈಕು ಬೇಗ ನಿಲ್ಲುವುದರಿಂದ, ಹಿಂದಿನದಕ್ಕೆ ಮಾತ್ರ ಎಬಿಎಸ್ ಬಿಟ್ಟುಕೊಡುವ ವ್ಯವಸ್ಥೆ ಅನೇಕ ಬೈಕುಗಳಲ್ಲಿದೆ. ಮುಂದಿನದರ ಎಬಿಎಸ್ ತೆಗೆಯುವುದನ್ನು ಹೊಸಬರಿಗೆ ನಾನು ಹೇಳುವುದಿಲ್ಲ.

ಕೊನೆಗೆ ಸವೆತ. ಬಟನ್‌ಗಳು ಸಮನಾಗಿ ಸವೆಯುವುದಿಲ್ಲ. ಮುಂದಿನ ಟೈರಿನಲ್ಲಿ ಬ್ರೇಕಿನಿಂದಾಗಿ ಪ್ರತಿ ಬಟನ್ನೂ ಒಂದು ಅಂಚಿನಲ್ಲಿ ಹೆಚ್ಚು, ಇನ್ನೊಂದು ಅಂಚಿನಲ್ಲಿ ಕಡಿಮೆ ಸವೆದು ಗರಗಸದ ಹಲ್ಲಿನಂತಾಗುತ್ತದೆ, ಹ್ಯಾಂಡಲ್ ನಡುಗಿ ಗುಂಯ್‌ಗುಡುವ ಸದ್ದು ಹೆಚ್ಚುತ್ತದೆ. ಹಿಂದಿನದು ಹೆದ್ದಾರಿಯ ನೇರ ಓಟದಿಂದ ನಡುವೆ ಚಪ್ಪಟೆಯಾಗುತ್ತದೆ. ಕಡಿಮೆ ಗಾಳಿ ಎರಡನ್ನೂ ಬೇಗ ತರುತ್ತದೆ. ಕೆಸರಿನಲ್ಲಿ ಟೈರಿನ ಕೆಲಸ ಕಾನೂನಿನ ಕನಿಷ್ಠ ಆಳಕ್ಕಿಂತ ಬಹಳ ಮೊದಲೇ, ಬಟನ್‌ಗಳು ಅರ್ಧ ಸವೆಯುವ ಹೊತ್ತಿಗೇ ಮುಗಿದಿರುತ್ತದೆ. ಹಾಗೆ ಅರ್ಧ ಸವೆದ ಹಿಂದಿನ ಟೈರನ್ನು ಒಣ ಋತುವಿನ ಡಾಂಬರು ಓಡಾಟದಲ್ಲಿ, ಸವೆತದ ಗುರುತು ಕಾಣುವ ತನಕ ಬಳಸಿ ಮುಗಿಸಿ, ಮಳೆಗಾಲದ ಹೊತ್ತಿಗೆ ಹೊಸದನ್ನು ಹಾಕಿಸಿ. ಮುಂದಿನದನ್ನು ಮಾತ್ರ ಅಷ್ಟು ಕಾಯಬೇಡಿ: ಅಂಚುಗಳು ದುಂಡಗಾಗಿ, ಜಲ್ಲಿಯ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಮೇಲೂ ಬೈಕು ಒಂದು ಕ್ಷಣ ನೇರವಾಗಿಯೇ ಹೋಗತೊಡಗಿದರೆ, ಆಳ ಎಷ್ಟೇ ಉಳಿದಿರಲಿ, ಬದಲಿಸಿಬಿಡಿ.